ಎಟಿಮ್‌ಆನ್‌ಲೈನ್: ಇಂಗ್ಲಿಷ್ ಮೇಷ್ಟ್ರ ಜೇಬಿನಲ್ಲಿ ಇರಬೇಕಾದದ್ದು

ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಆಗಾಗ ಒಂದು ಫಾರ್ವರ್ಡ್ ಬರುತ್ತದೆ. ಹಿಂದಿನ ಕಾಲದ ರಾಜಕಾರಣಿಗಳು ತಮ್ಮ ಕಡೆಯವರನ್ನು ಹೆಂಡದಂಗಡಿಗೆ ಅಟ್ಟಿ, 'ಗೋ, ಸಿಪ್' ಅನ್ನುತ್ತಿದ್ದರಂತೆ. ಒಂದೊಂದೇ ಗುಟುಕು ಕುಡೀತಾ ಊರ ಸುದ್ದಿ ಕೇಳಿಕೊಂಡು ಬನ್ನಿ ಅಂತ. ಅದೇ ಗಾಸಿಪ್ ಆಯಿತಂತೆ. ಶುದ್ಧ ಬುರುಡೆ! ಇಂಥ ಕಥೆಗಳನ್ನು ಪರೀಕ್ಷಿಸಲು ನಾನು ಬಳಸುವುದು ಎಟಿಮ್‌ಆನ್‌ಲೈನ್ ಅನ್ನೋ ಜಾಲತಾಣ. ಇಂಗ್ಲಿಷ್ ಪದ ಹಾಕಿದರೆ ಅದು ಎಲ್ಲಿಂದ ಬಂತು, ಬರಹದಲ್ಲಿ ಮೊದಲು ಯಾವಾಗ ಸಿಕ್ಕಿತು ಅಂತ ಹೇಳುತ್ತದೆ. ದುಡ್ಡು ಕೊಡಬೇಕಿಲ್ಲ.

ಗಾಸಿಪ್‌ನ ನಿಜವಾದ ಕಥೆ ಆ ಫಾರ್ವರ್ಡ್‌ಗಿಂತ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು 'ಗಾಡ್‌ಸಿಬ್'. ಗಾಡ್ ಅಂದರೆ ದೇವರು, ಸಿಬ್ ಅಂದರೆ ನೆಂಟ. ಸಿಬ್ಲಿಂಗ್‌ನಲ್ಲಿ ಇರುವುದೂ ಅದೇ ಸಿಬ್. ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ಹೊಣೆ ಹೊತ್ತು ನಿಲ್ಲುವವರಿಗೆ ಆ ಹೆಸರು. ಆಮೇಲೆ ಆಪ್ತ ಸ್ನೇಹಿತರಿಗೂ ಬಂತು. ಆಮೇಲೆ ಹೆರಿಗೆ ಮನೆಯಲ್ಲಿ ಸೇರುತ್ತಿದ್ದ ಗೆಳತಿಯರಿಗೆ. ಬಾಣಂತಿ ಕೋಣೆಯಲ್ಲಿ ನಾಲ್ಕು ಜನ ಕೂತರೆ ಏನಾಗುತ್ತದೆ ಅಂತ ನಮಗೇನು ಹೇಳಿಕೊಡಬೇಕಾ? ಹರಟುವವರ ಹೆಸರು ಹರಟೆಗೇ ಅಂಟಿಕೊಂಡಿತು. (ಗಂಡಸರು ಕಟ್ಟೆ ಮೇಲೆ ಕೂತು ಮಾಡುವುದೂ ಅದನ್ನೇ. ಕೆಟ್ಟ ಹೆಸರು ಮಾತ್ರ ಹೆಂಗಸರಿಗೆ.)

ನನ್ನದು ಬೆಳಗಾವಿ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲು. ಒಂಬತ್ತನೇ ಕ್ಲಾಸಿನಲ್ಲಿ ಇನ್‌ಫಂಟ್ ಪದ ಬಂದಾಗ ಫೋನು ತೆಗೆದೆ. ಲ್ಯಾಟಿನ್‌ನಲ್ಲಿ 'ಇನ್‌ಫಾನ್ಸ್' ಅಂದರೆ ಮಾತು ಬಾರದ್ದು. ಹಿಂದಿನ ಬೆಂಚಿನ ಹುಡುಗ ಎದ್ದು, "ಸರ್, ಹಂಗಾದ್ರ ಮರಾಠಾ ಲೈಟ್ ಇನ್‌ಫಂಟ್ರಿ?" ಅಂದ. ಆ ರೆಜಿಮೆಂಟಿನ ಕೇಂದ್ರ ಇರುವುದೇ ಬೆಳಗಾವಿಯಲ್ಲಿ, ಕೇಳದೇ ಇರ್ತಾನಾ? ಅದನ್ನೂ ಹುಡುಕಿದೆವು. ಅದೇ ಬೇರು! ಮಗು ಅನ್ನೋ ಪದ ಇಟಲಿ ಕಡೆ ಹುಡುಗ ಅಂತಾಯಿತು, ಕುದುರೆ ಏರುವಷ್ಟು ಪಳಗದ ಹುಡುಗರು ಕಾಲಾಳುಗಳಾದರು. ಆ ದಿನದ ಪಾಠ ಅಲ್ಲಿಗೇ ನಿಂತಿತು, ನಿಲ್ಲಲಿ ಬಿಡಿ.

ಟಾಕ್ ಅನ್ನೋದು ಟೇಲ್ ಮತ್ತು ಟೆಲ್ ಪದಗಳ ನೆಂಟ. ಸ್ಪೀಕ್‌ನಲ್ಲಿ ಮೊದಲು 'ರ' ಇತ್ತು. ಇಂಗ್ಲಿಷಿನವರು ಅದನ್ನು ಕಳೆದುಕೊಂಡರು, ಜರ್ಮನ್ನರ 'ಶ್ಪ್ರೆಕೆನ್'ನಲ್ಲಿ ಇನ್ನೂ ಇದೆ. ಜಾರ್ಗನ್, ಅಂದರೆ ಒಂದು ಕಸುಬಿನವರಿಗೆ ಮಾತ್ರ ತಿಳಿಯುವ ಮಾತು, ಹಳೆಯ ಫ್ರೆಂಚಿನಲ್ಲಿ ಹಕ್ಕಿಗಳ ಚಿಲಿಪಿಲಿ. ನಮ್ಮ ಇಲಾಖೆಯ ಸುತ್ತೋಲೆ ಓದುವಾಗ ಇದು ನೆನಪಾಗಿ ನಗು ಬರುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಇದರ ಪ್ರಾಮಾಣಿಕತೆ. ಸ್ಲ್ಯಾಂಗ್ ನೋಡಿ. ಕಳ್ಳರು, ಅಲೆಮಾರಿಗಳ ಮಾತು ಅನ್ನೋ ಅರ್ಥದಲ್ಲಿ 1756ರಲ್ಲಿ ಬರಹಕ್ಕೆ ಬಂತು, ಮೂಲ ಖಚಿತವಿಲ್ಲ ಅಂತ ಒಪ್ಪಿಕೊಳ್ಳುತ್ತದೆ. ಸುಮ್ನೆ ಕಥೆ ಕಟ್ಟುವುದಿಲ್ಲ.

ಇದನ್ನು ಕಟ್ಟಿದ್ದು ಪೆನ್ಸಿಲ್ವೇನಿಯಾದ ಡಗ್ಲಸ್ ಹಾರ್ಪರ್ ಅನ್ನೋ ಒಬ್ಬರೇ. ದೊಡ್ಡ ನಿಘಂಟುಗಳನ್ನು ಓದಿ ಸಾರ ತೆಗೆದಿದ್ದಾರೆ. ಹಾಗಾಗಿ ಪ್ರಬಂಧಕ್ಕೆ ಆಧಾರ ಬೇಕಾದವರು ಮೂಲ ನಿಘಂಟಿಗೇ ಹೋಗಬೇಕು. ಇನ್ನೊಂದು ತೊಡಕು, ವಿವರಣೆ ಬಿಗಿ. ನಕ್ಷತ್ರ ಚಿಹ್ನೆ ಹಾಕಿದ ಬೇರುಗಳು ಎಲ್ಲೂ ಬರೆದಿಟ್ಟ ಪದಗಳಲ್ಲ, ವಿದ್ವಾಂಸರು ಊಹಿಸಿದವು. ಇದು ಗೊತ್ತಿಲ್ಲದೆ ಓದಿದರೆ ತಲೆ ಕೆಡುತ್ತದೆ. ಮಕ್ಕಳ ಕೈಗೆ ನೇರವಾಗಿ ಕೊಡಬೇಡಿ, ಪಕ್ಕದಲ್ಲಿ ಕೂತು ಓದಿ ಹೇಳಿ. ವರ್ಷದ ಅರ್ಥವೂ ಹಾಗೆಯೇ: ಅದು ಬರಹದಲ್ಲಿ ಸಿಕ್ಕ ವರ್ಷ. ಜನ ಅದಕ್ಕೂ ಮೊದಲೇ ಆಡುತ್ತಿದ್ದಿರಬಹುದು.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಕನ್ನಡ ಪದಗಳ ಬೇರು ಬೇಕಾದರೆ ಇಲ್ಲಿ ಹುಡುಕಬೇಡಿ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು ಷಿಕಾಗೋ ವಿಶ್ವವಿದ್ಯಾಲಯದ ತಾಣದಲ್ಲಿದೆ, ಅದೂ ಪುಕ್ಕಟೆ.