ಎರಡು ಡಿಸ್ಕ್ ಇದೆ ಎಂದು ನಂಬಿದ್ದೆ, ಹನ್ನೊಂದು ತಿಂಗಳಿಂದ ಇದ್ದದ್ದು ಒಂದೇ

ಮನೆಯ ಬ್ಯಾಕಪ್ ಸರ್ವರ್‌ಗೆ ಮಿರರ್ ಡಿಸ್ಕ್ ಹಾಕಬೇಕು ಎಂದುಕೊಂಡಿರುವವರು ದಯವಿಟ್ಟು ಓದಿ. ಈಗಾಗಲೇ ಹಾಕಿಕೊಂಡವರು ತಪ್ಪದೆ ಓದಿ.

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, 4 ಟೆರಾಬೈಟಿನ ಎರಡು ಡಿಸ್ಕ್ ಜೋಡಿಸಿ, ಎಂಡಿಎಡಿಎಂ ಎಂಬ ತಂತ್ರಾಂಶ ಬಳಸಿ ರೇಡ್ 1, ಅಂದರೆ ಮಿರರ್, ಮಾಡಿದ್ದೆ. ಬರೆದದ್ದೆಲ್ಲ ಎರಡೂ ಕಡೆ ಹೋಗುತ್ತದೆ, ಒಂದು ಕೈಕೊಟ್ಟರೆ ಇನ್ನೊಂದಿದೆ ಎಂಬ ಲೆಕ್ಕ. ಆ ಧೈರ್ಯದಲ್ಲಿ ಫೋಟೋಗಳನ್ನೂ ಅಜ್ಜಿ ಹೇಳಿದ ಕತೆಗಳ ರೆಕಾರ್ಡಿಂಗುಗಳನ್ನೂ ಅದಕ್ಕೆ ಹಾಕಿ, ಫೋನಿನಿಂದ ಅಳಿಸಿಬಿಟ್ಟೆ. ಅಳಿಸಿದ ಕ್ಷಣಕ್ಕೆ ಬ್ಯಾಕಪ್ ಎನ್ನುವುದೇ ಹೋಯಿತು, ಉಳಿದದ್ದು ಮೂಲ ಪ್ರತಿ ಮಾತ್ರ. ಇದು ನನಗೆ ಆಗ ಹೊಳೆಯಲೇ ಇಲ್ಲ.

ಒಂದು ದಿನ ಬೇರೆ ಯಾವುದೋ ಕೆಲಸಕ್ಕೆ ಲಾಗಿನ್ ಆದವನು ಮಿರರ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ತೆರೆದೆ. ಸರಿಯಿರುವ ಡಿಸ್ಕಿಗೆ ಒಂದರಂತೆ ಎರಡು 'ಯು' ಇರಬೇಕಾದ ಕಡೆ ಒಂದೇ 'ಯು', ಪಕ್ಕದಲ್ಲಿ ಒಂದು ಅಡಿಗೆರೆ. ಎದೆ ಧಸಕ್ಕೆಂದಿತು. ಒಂದು ಡಿಸ್ಕ್ ಯಾವಾಗಲೋ ಸತ್ತಿತ್ತು, ತಿರುಗುತ್ತಲೂ ಇರಲಿಲ್ಲ. ಎಚ್ಚರಿಕೆಯ ಮೇಲ್ ಬಂದಿರಲಿಲ್ಲವೇ? ಬಂದಿತ್ತು. ಹೊರಗೆ ಮೇಲ್ ಕಳಿಸುವ ವ್ಯವಸ್ಥೆಯನ್ನೇ ನಾನು ಮಾಡಿರಲಿಲ್ಲವಾದ್ದರಿಂದ ಅದು ಸರ್ವರ್‌ನೊಳಗೇ ರೂಟ್ ಎಂಬ ಮುಖ್ಯ ಖಾತೆಯ ಮೇಲ್‌ಬಾಕ್ಸಿನಲ್ಲಿ ಬಿದ್ದಿತ್ತು. ಅದರ ಮೇಲಿನ ದಿನಾಂಕ ಹನ್ನೊಂದು ತಿಂಗಳು ಹಳೆಯದು.

ಹೊಸ ಡಿಸ್ಕ್ ತಂದು ರೀಬಿಲ್ಡ್, ಅಂದರೆ ಉಳಿದ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ನಕಲಿಸುವ ಕೆಲಸ, ಶುರು ಮಾಡಿದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೂ 4 ಟೆರಾಬೈಟಿಗೆ ಏಳು ತಾಸಿನ ಮೇಲೆ ಬೇಕು. ಅಷ್ಟೂ ಹೊತ್ತು ಉಳಿದ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು, ಅದನ್ನು ಹಾಗೆ ಪೂರ್ತಿ ಓದಿದ್ದು ಅದೇ ಮೊದಲು. ಅರ್ಧ ದಾಟುತ್ತಿದ್ದಂತೆ ಓದುವ ದೋಷಗಳು ಸಾಲುಗಟ್ಟಿದವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 197ನೇ ಸಂಖ್ಯೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ, ಡಿಸ್ಕಿನ ಪುಟ್ಟ ಜಾಗಗಳಾದ ಸೆಕ್ಟರ್‌ಗಳ ಸಂಖ್ಯೆ, ಸೊನ್ನೆಯಿಂದ ಮೇಲೇರಿತ್ತು.

ನನ್ನನ್ನು ಈಗಲೂ ಕಾಡುವುದು ಇದೇ. ಆ ಸೆಕ್ಟರ್‌ಗಳು ಅಂದೇ ಕೆಟ್ಟವೇನಲ್ಲ ಎಂದು ನನ್ನ ಅನುಮಾನ. ವರ್ಷಗಟ್ಟಲೆ ಯಾರೂ ತೆರೆಯದ ಫೈಲುಗಳ ಜಾಗ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಡಿಸ್ಕ್ ಜೀವಂತ ಇದ್ದಾಗ ತಿಂಗಳಿಗೊಮ್ಮೆ ಪೂರ್ತಿ ಪರಿಶೀಲನೆ ಓಡಿಸಿದ್ದರೆ, ಓದಲಾಗದ ಜಾಗ ಸಿಕ್ಕ ಕೂಡಲೇ ಮಿರರ್ ಇನ್ನೊಂದು ಡಿಸ್ಕಿನಿಂದ ಅದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಒಂದೇ ಆದೇಶದ ಕೆಲಸ. ನಾನು ಒಮ್ಮೆಯೂ ಓಡಿಸಿರಲಿಲ್ಲ. ಎರಡೂ ಡಿಸ್ಕ್ ಒಂದೇ ಮಾದರಿಯವು, ಒಂದೇ ದಿನ ಕೊಂಡವು, ಒಂದೇ ಪೆಟ್ಟಿಗೆಯಲ್ಲಿ ಅಷ್ಟೇ ತಾಸು ದುಡಿದವು. ಒಟ್ಟಿಗೆ ಸವೆದದ್ದರಲ್ಲಿ ಆಶ್ಚರ್ಯವಿಲ್ಲ.

ರೀಬಿಲ್ಡ್ ನಿಲ್ಲಿಸಿ, ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನು ನಕಲಿಸುವ ಡಿಡಿ-ರೆಸ್ಕ್ಯೂ ಹಾಕಿದೆ. ಎರಡು ದಿನ ಓಡಿ ಬಹುಪಾಲು ಉಳಿಸಿಕೊಟ್ಟಿತು. ಆದರೆ ನಾನು ಬಳಸಿದ್ದ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4 ಫೈಲಿನೊಳಗಿನ ದತ್ತಾಂಶಕ್ಕೆ ಚೆಕ್‌ಸಮ್ (ಹಾಳಾದರೆ ಪತ್ತೆ ಹಚ್ಚಲು ಇಡುವ ತಾಳೆ ಸಂಖ್ಯೆ) ಇಡುವುದಿಲ್ಲ, ಹಾಳಾದದ್ದು ಯಾವ ಫೈಲ್ ಎಂದು ಅದು ಹೇಳಲಿಲ್ಲ. ಒಂದೊಂದೇ ರೆಕಾರ್ಡಿಂಗ್ ಹಾಕಿ ಕೇಳಿದೆ. ಆರರಲ್ಲಿ ಅಜ್ಜಿಯ ಮಾತು ನಡುವೆಯೇ ತುಂಡಾಗುತ್ತದೆ. ಅಜ್ಜಿ ಈಗಿಲ್ಲ.

ಮಿರರ್ ಬೇಡ ಎನ್ನುತ್ತಿಲ್ಲ, ಈಗಲೂ ಮಿರರ್ ಮೇಲೇ ಇದ್ದೇನೆ. ಈ ಸಲ ಫೈಲ್ ವ್ಯವಸ್ಥೆ ಜೆಡ್‌ಎಫ್‌ಎಸ್. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇರುವುದರಿಂದ ಎರಡು ಪ್ರತಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದು ಸರಿ ಎಂದು ಅದಕ್ಕೆ ಗೊತ್ತು. ಹಳೆಯ ರೇಡ್‌ಗೆ ವ್ಯತ್ಯಾಸ ಇದೆ ಎಂದಷ್ಟೇ ಗೊತ್ತಾಗುತ್ತಿತ್ತು. ಸ್ಕ್ರಬ್, ಅಂದರೆ ಆ ಪೂರ್ತಿ ಪರಿಶೀಲನೆ, ತಿಂಗಳಿಗೊಮ್ಮೆ ತಾನಾಗಿ ಓಡುತ್ತದೆ. ಡಿಸ್ಕ್‌ಗಳು ಬೇರೆ ಬೇರೆ ತಯಾರಕರವು. ಕೊಳ್ಳುವಾಗ ಸಿಎಂಆರ್ (ಬರೆಯುವ ಪಥಗಳು ಒಂದರ ಮೇಲೊಂದು ಬೀಳದ ಬಗೆ) ಎಂದು ಖಚಿತಪಡಿಸಿಕೊಳ್ಳಿ, ಪಥಗಳು ಒಂದರ ಮೇಲೊಂದು ಬೀಳುವ ಎಸ್‌ಎಂಆರ್ ಡಿಸ್ಕಿಗೆ ರೀಬಿಲ್ಡ್ ಮಾಡುವುದು ವಿಪರೀತ ನಿಧಾನವಾಗಬಹುದು. ಇನ್ನು ಕೈತಪ್ಪಿ ಅಳಿಸಿದರೆ ಯಾವ ಮಿರರ್ ಆದರೂ ಎರಡೂ ಕಡೆ ಅಳಿಸುತ್ತದೆ. ಅದಕ್ಕೆಂದೇ ಮೂರನೆಯ ಪ್ರತಿ ಬೇರೊಂದು ಡಿಸ್ಕಿನಲ್ಲಿ, ಬೇರೊಂದು ಮನೆಯಲ್ಲಿದೆ.

ಹೊಸದಾಗಿ ಕಟ್ಟುತ್ತಿರುವವರು ಎಲ್ಲ ಜೋಡಿಸಿದ ಮೇಲೆ ಸರ್ವರ್ ಆಫ್ ಮಾಡಿ, ಒಂದು ಡಿಸ್ಕಿನ ಕೇಬಲ್ ಕಿತ್ತು, ಸರ್ವರ್ ಅನ್ನು ಮತ್ತೆ ಆನ್ ಮಾಡಿ. ಎಚ್ಚರಿಕೆ ನಿಮ್ಮ ಫೋನಿಗೆ ಬರಬೇಕು. ಬರುವವರೆಗೆ ಅದಕ್ಕೆ ಒಂದು ಫೋಟೋವನ್ನೂ ಹಾಕಬೇಡಿ.