ಫ್ಯಾನ್ ನಾಲ್ಕು, ನೆಟ್ಟಗಿರೋ ಸ್ಲಾಟ್ ಎರಡು: ಒಂದು ಕ್ಯಾಬಿನೆಟ್ ಕಥೆ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಮದುವೆ ಆಲ್ಬಂ, ವಿಡಿಯೊ ಎಡಿಟಿಂಗ್, ಈಗೀಗ ಮುಹೂರ್ತದ ಲೈವ್ ಕೂಡ. ಎಡಿಟಿಂಗ್ ಕಂಪ್ಯೂಟರ್ ಒಳಗಿನ ಸಾಮಾನೆಲ್ಲ ಚೆನ್ನಾಗೇ ಇತ್ತು. ಆದರೆ ಹೊಸ ಗ್ರಾಫಿಕ್ಸ್ ಕಾರ್ಡ್ ತಂದಾಗ ಹಳೇ ಕ್ಯಾಬಿನೆಟ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ಹೊರಗಿನ ತಗಡಿನ ಪೆಟ್ಟಿಗೆಯಲ್ಲಿ, ಹಾರ್ಡ್‌ಡಿಸ್ಕ್ ಕೇಜ್ ಅದಕ್ಕೆ ಅಡ್ಡ ಬಂತು. ಹಾಗಾಗಿ ಊರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ 3,800 ರೂಪಾಯಿಗೆ ಹೊಸ ಮಿಡ್ ಟವರ್ ಕ್ಯಾಬಿನೆಟ್ ತಗೊಂಡೆವು. ಮುಂದೆ ಜಾಲರಿ, ಪಕ್ಕಕ್ಕೆ ಗಾಜು, ಬಣ್ಣಬಣ್ಣದ ಲೈಟ್ ಇರುವ ನಾಲ್ಕು ಫ್ಯಾನ್.

ಕಂಪನಿ ಹೆಸರು ಬರೆಯುವುದಿಲ್ಲ. ಈ ರೇಟಿನಲ್ಲಿ ಒಂದೇ ಡಬ್ಬ ಬೇರೆ ಬೇರೆ ಸ್ಟಿಕ್ಕರ್ ಹಚ್ಚಿಕೊಂಡು ಬರುತ್ತದೆ, ಹೆಸರು ಹಿಡಿದು ಹೋದರೆ ಪ್ರಯೋಜನ ಇಲ್ಲ. ನಾನು ಹೇಳುವ ಜಾಗಗಳನ್ನು ಅಂಗಡಿಯಲ್ಲೇ ನಿಂತು ಕೈಯಲ್ಲಿ ಮುಟ್ಟಿ ನೋಡಿ. ಅದೂ ಮುಂಭಾಗ ಅಲ್ಲ, ಹಿಂಭಾಗ. ಕಾರ್ಡ್‌ಗಳ ಸ್ಕ್ರೂ ಕೂರುವ ಗೋಡೆ ಇದೆಯಲ್ಲ, ಕ್ಯಾಬಿನೆಟ್‌ನ ಹಣೆಬರಹ ಅಲ್ಲಿರುತ್ತೆ.

ಮೊದಲು ತಗಡಿನ ವಿಷಯ. ಡಬ್ಬದ ಮೇಲೆ 0.6 ಮಿ.ಮೀ. ಅಂತ ಬರೆದಿತ್ತು. ಹರಿಹರದಲ್ಲಿ ಲೇತ್ ಕೆಲಸ ಮಾಡುವ ಒಬ್ಬರು ಪರಿಚಯದ ಅಣ್ಣ ಇದ್ದಾರೆ. ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಊರು ಅದು, ಅಲ್ಲಿನ ಜನಕ್ಕೆ ಕಣ್ಣಲ್ಲೇ ಅಳತೆ ಇರುತ್ತದೆ. ಅವರು ವರ್ನಿಯರ್ ಹಿಡಿದು ನೋಡಿ ನಕ್ಕರು. "ತಮ್ಮಾ, ಇವರು ಪೇಂಟ್ ಸೇರಿಸಿ ಹೇಳ್ಯಾರೆ. ಪೇಂಟ್ ಕೆರೆದ್ರೆ ಅರ್ಧ ಮಿ.ಮೀ. ಐತಿ ಅಷ್ಟೆ." ಗೇಜ್ ಲೆಕ್ಕದಲ್ಲಿ ಹೇಳಬೇಕೆಂದರೆ 24 ಗೇಜ್‌ಗಿಂತಲೂ ತೆಳು. ಗೇಜ್ ನಂಬರ್ ಇಳಿದಷ್ಟೂ ತಗಡು ದಪ್ಪ: 24 ಗೇಜ್ ಅಂದರೆ 0.56 ಮಿ.ಮೀ., 22 ಗೇಜ್ ಅಂದರೆ 0.71.

ಈ ವ್ಯತ್ಯಾಸ ಕೇಳೋಕೆ ಸಣ್ಣದು. ಆದರೆ ತಗಡಿನ ಬಿಗಿ ದಪ್ಪದ ಘನದಷ್ಟು ಏರುತ್ತೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. 0.5 ಇದ್ದದ್ದು 0.7 ಆದರೆ ಸುಮಾರು ಎರಡೂ ಮುಕ್ಕಾಲು ಪಟ್ಟು. ತೆಳು ತಗಡಲ್ಲೂ ಒಳ್ಳೆಯ ಕ್ಯಾಬಿನೆಟ್ ಮಾಡಬಹುದು, ಅದಕ್ಕೆ ಅಂಚು ಮಡಚಬೇಕು, ಮಧ್ಯ ಉಬ್ಬು ಗೆರೆ ಒತ್ತಬೇಕು. ಇದರಲ್ಲಿ ಮದರ್‌ಬೋರ್ಡ್ (ಕಾರ್ಡ್‌ಗಳೆಲ್ಲ ಸಿಕ್ಕಿಸುವ ಮುಖ್ಯ ಬೋರ್ಡ್) ಕೂರುವ ತಟ್ಟೆಗೆ ಉಬ್ಬು ಇದೆ, ಅದು ಗಟ್ಟಿಯಾಗೇ ಇದೆ. ಬಲಗಡೆ ಬಾಗಿಲಿಗೆ ಏನೂ ಇಲ್ಲ. ಬೆರಳಲ್ಲಿ ಒತ್ತಿದರೆ ಖಾಲಿ ಎಣ್ಣೆ ಡಬ್ಬದ ಹಾಗೆ ಟಪ್ ಅನ್ನುತ್ತದೆ.

ಈಗ ಹಿಂದಿನ ಗೋಡೆ. ಮದರ್‌ಬೋರ್ಡ್‌ಗೆ ಎಟಿಎಕ್ಸ್ ಅನ್ನೋ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿದ್ದು. ಪೂರ್ತಿ ಬೋರ್ಡ್ 305 × 244 ಮಿ.ಮೀ., ಹಿಂದೆ ಕಾರ್ಡ್ ಕೂರುವ ಏಳು ಸ್ಲಾಟ್, ಒಂದರಿಂದ ಇನ್ನೊಂದಕ್ಕೆ 20.32 ಮಿ.ಮೀ. ಅಂದರೆ ಸರಿಯಾಗಿ 0.8 ಇಂಚು. ಕಾರ್ಡ್ ತುದಿಗೆ ಇರುವ ತಗಡಿನ ಪಟ್ಟಿಯ ಪದ್ಧತಿ ಇನ್ನೂ ಹಳೆಯದು, 1981ರ ಐಬಿಎಂ ಪಿಸಿ ಕಾಲದಿಂದ ನಡೆದುಬಂದಿದೆ. ಪಟ್ಟಿಯ ಕೆಳತುದಿಯ ನಾಲಿಗೆ ತಟ್ಟೆ ಪಕ್ಕದ ಸಂದಿಗೆ ಇಳಿಯಬೇಕು, ಮೇಲ್ತುದಿಯ ಮಡಿಕೆ ಗೋಡೆ ಮೇಲೆ ಕೂತು ಸ್ಕ್ರೂ ಹಿಡಿಯಬೇಕು. ನಲವತ್ತು ವರ್ಷ ದಾಟಿದ ವಿದ್ಯೆ ಇದು, ತಪ್ಪು ಮಾಡೋಕೆ ಏನಿದೆ ಅನ್ನಿಸುತ್ತೆ ಅಲ್ವಾ?

ಇದೆ. ತಟ್ಟೆ ಒಂದು ತುಂಡು, ಹಿಂದಿನ ಗೋಡೆ ಇನ್ನೊಂದು ತುಂಡು. ಎರಡನ್ನೂ ಬೇರೆ ಬೇರೆ ಪಂಚ್ ಮಾಡಿ ಆಮೇಲೆ ರಿವೆಟ್ ಹೊಡೆಯುತ್ತಾರೆ. ಪಂಚ್‌ನಲ್ಲಿ ಸ್ವಲ್ಪ, ಮಡಚುವಾಗ ಸ್ವಲ್ಪ, ರಿವೆಟ್ ತೂತಿನಲ್ಲಿ ಸ್ವಲ್ಪ, ಹೀಗೆ ಸ್ವಲ್ಪ ಸ್ವಲ್ಪ ಸೇರಿ ಕೊನೆಗೆ ಒಂದು ಮಿ.ಮೀ. ಆಚೀಚೆ ಆದರೆ ಬೋರ್ಡ್ ಮೇಲಿನ ಸ್ಲಾಟ್ ಒಂದು ಕಡೆ, ಗೋಡೆಯ ಕಿಂಡಿ ಇನ್ನೊಂದು ಕಡೆ.

ನಮ್ಮದರಲ್ಲಿ ಮೇಲಿನ ಎರಡು ಸ್ಲಾಟ್ ಪಕ್ಕಾ ಇದ್ದವು. ಅವಕ್ಕೆ ಸ್ಕ್ರೂ ಬಿಚ್ಚಿ ತೆಗೆದು ಮತ್ತೆ ಹಾಕಬಹುದಾದ ಮುಚ್ಚಳ. ಉಳಿದ ಐದಕ್ಕೆ ಮುರಿದು ತೆಗೆಯುವ ಮುಚ್ಚಳ. ಅಂದರೆ ಅದೇ ತಗಡನ್ನು ಸುತ್ತ ಕತ್ತರಿಸಿ, ಎರಡು ತುದಿಯಲ್ಲಿ ಚೂರು ಅಂಟಿಸಿಕೊಂಡೇ ಬಿಟ್ಟಿರುತ್ತಾರೆ. ಸ್ಕ್ರೂಡ್ರೈವರ್ ತೂರಿಸಿ ಹಿಂದೆ ಮುಂದೆ ಅಲ್ಲಾಡಿಸಿದರೆ ಕಿತ್ತು ಬರುತ್ತೆ. ಬಂದ ಮೇಲೆ ವಾಪಸ್ ಹಾಕೋಕಾಗಲ್ಲ. ಕಾರ್ಡ್ ತೆಗೆದರೆ ಆ ಕಿಂಡಿ ಶಾಶ್ವತವಾಗಿ ಬಾಯಿ ತೆರೆದುಕೊಂಡೇ ಇರುತ್ತೆ.

ಅದಾದರೂ ಹೋಗಲಿ. ಅಸಲಿ ತೊಂದರೆ ಬೇರೆ. ಎರಡು ಕಿಂಡಿಗಳ ಮಧ್ಯೆ ಉಳಿಯುವ ಪಟ್ಟಿ ಬೆರಳಿಗಿಂತ ಸಣ್ಣದು, ಅರ್ಧ ಮಿ.ಮೀ. ದಪ್ಪ, ಮಡಿಕೆ ಇಲ್ಲ. ಮುಚ್ಚಳ ಮುರಿಯುವಾಗ ಆ ಪಟ್ಟಿಯೂ ಜೊತೆಗೆ ತಿರುಚಿಕೊಳ್ಳುತ್ತದೆ. ಕ್ಯಾಮೆರಾದ ವಿಡಿಯೊವನ್ನು ಕಂಪ್ಯೂಟರ್‌ಗೆ ತರುವ ನಮ್ಮ ಕ್ಯಾಪ್ಚರ್ ಕಾರ್ಡ್ ಕೆಳಗಿನ ಸ್ಲಾಟ್‌ಗೆ ಹೋಗಬೇಕಿತ್ತು, ಯಾಕಂದರೆ ಮೇಲೆ ಗ್ರಾಫಿಕ್ಸ್ ಕಾರ್ಡ್ ಎರಡೂವರೆ ಸ್ಲಾಟ್ ನುಂಗಿಕೊಂಡಿದೆ. ಅಂಗಡಿಯವರೇ ಜೋಡಿಸಿಕೊಟ್ಟಿದ್ದರು. ನೋಡಿದರೆ ಕಾರ್ಡ್‌ನ ನಾಲಿಗೆ ಸಂದಿಗೆ ಇಳಿದೇ ಇಲ್ಲ, ತಿರುಚಿದ ಆ ಪಟ್ಟಿಗೆ ತಗುಲಿ ನಿಂತಿದೆ. ಮೇಲೆ ಸ್ಕ್ರೂ ಬಿಗಿದಿದ್ದಾರೆ. ಬಿಗಿದಷ್ಟೂ ಕಾರ್ಡ್‌ನ ಆ ಕಡೆ ತುದಿ ಸ್ಲಾಟ್‌ನಿಂದ ಕೂದಲೆಳೆಯಷ್ಟು ಮೇಲೆದ್ದಿದೆ.

ಪರಿಣಾಮ ಏನು ಗೊತ್ತಾ? ಎಚ್‌ಡಿಎಂಐ ಕೇಬಲ್ ಮುಟ್ಟಿದರೆ ಸಾಕು, ಕಾರ್ಡ್ ಮಾಯ. ಸಾಫ್ಟ್‌ವೇರ್‌ನಲ್ಲಿ ಹುಡುಕಿದರೆ ಡಿವೈಸೇ ಇಲ್ಲ ಅನ್ನುತ್ತೆ. ಡ್ರೈವರ್ ಮತ್ತೆ ಹಾಕಿ, ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ತಗಡು ನೋಡು ಅಂತ ಒಬ್ಬರೂ ಹೇಳಲ್ಲ. ಕಾರ್ಡ್ ತುದಿಯ ಪಟ್ಟಿ ಸುಮ್ನೆ ಕಿಂಡಿ ಮುಚ್ಚೋಕೆ ಇರುವುದಲ್ಲ. ಕೇಬಲ್ ಎಳೆದ ಭಾರ ಸ್ಲಾಟ್ ಮೇಲೆ ಬೀಳದೆ ಕ್ಯಾಬಿನೆಟ್ ಮೇಲೆ ಬೀಳಲಿ ಅಂತ ಇರುವುದು. ಎಚ್‌ಡಿಎಂಐ ದಪ್ಪ ಕೇಬಲ್, ಮೇಜಿನ ಹಿಂದೆ ನೇತಾಡುತ್ತಿರುತ್ತದೆ, ಕಸ ಗುಡಿಸುವವರ ಪೊರಕೆ ದಿನಾ ತಗುಲುತ್ತದೆ.

ಹರಿಹರದ ಅಣ್ಣ ರಿಪೇರಿ ಮಾಡಿದ ರೀತಿ ಹೇಳಲೇಬೇಕು. ಮೊದಲು ಒಳಗಿನ ಬೋರ್ಡು, ಕರೆಂಟ್ ಕೊಡುವ ಎಸ್‌ಎಂಪಿಎಸ್ಸು ಎಲ್ಲ ಹೊರಗೆ ತೆಗೆಸಿದರು. ಲೋಹದ ಪುಡಿ ಒಂದು ಚೂರು ಬೋರ್ಡ್ ಮೇಲೆ ಉಳಿದರೂ ಶಾರ್ಟ್ ಆಗುತ್ತೆ, ಇದರಲ್ಲಿ ರಾಜಿ ಬೇಡ ಅಂದರು. ತಿರುಚಿದ ಪಟ್ಟಿಗಳನ್ನು ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಿದರು. ಮುರಿದ ಅಂಚಿಗೆ ಸಣ್ಣ ಅರ ಹಾಕಿ ಉಜ್ಜಿದರು, ಮೊದಲು ಅಲ್ಲಿ ಬೆರಳಿಟ್ಟರೆ ಕುಯ್ಯುತ್ತಿತ್ತು. ಆಮೇಲೆ 18 ಗೇಜ್ ತಗಡಿನದೊಂದು ಎಲ್ ಪಟ್ಟಿ ಮಾಡಿ ಸ್ಲಾಟ್‌ಗಳ ಉದ್ದಕ್ಕೂ ಹೊರಗಿನಿಂದ ಪಾಪ್ ರಿವೆಟ್ ಹೊಡೆದರು. 250 ರೂಪಾಯಿ ತಗೊಂಡರು, ಚಹಾ ಅವರೇ ಕುಡಿಸಿದರು. ಈಗ ಕ್ಯಾಪ್ಚರ್ ಕಾರ್ಡ್ ಅಲ್ಲಾಡಲ್ಲ. ಮೂರು ಗಂಟೆ ಲೈವ್ ಹೋದರೂ ಸಿಗ್ನಲ್ ಕಟ್ ಆಗಿಲ್ಲ.

ಜೋಡಿಸುವಾಗ ಅವರು ಮಾಡಿಸಿದ ಇನ್ನೊಂದು ಕೆಲಸ ನಿಮಗೂ ಉಪಯೋಗಕ್ಕೆ ಬರುತ್ತೆ. ಬೋರ್ಡ್‌ನ ಸ್ಕ್ರೂಗಳನ್ನು ಮೊದಲೇ ಪೂರ್ತಿ ಬಿಗಿಯಬೇಡಿ. ಹಿಂದಿನ ಪೋರ್ಟ್‌ಗಳ ತೆಳು ತಗಡಿನ ಮುಚ್ಚಳ ಇರುತ್ತಲ್ಲ, ಅದರ ಸ್ಪ್ರಿಂಗ್ ಬೆರಳುಗಳು ಬೋರ್ಡನ್ನು ಒಳಕ್ಕೆ ತಳ್ಳುತ್ತಿರುತ್ತವೆ. ಸ್ಕ್ರೂ ಸಡಿಲ ಇರುವಾಗಲೇ ಕಾರ್ಡ್ ಕೂರಿಸಿ, ಅದರ ಪಟ್ಟಿ ಸರಿಯಾಗಿ ಕೂತ ಮೇಲೆ ಬೋರ್ಡ್ ಬಿಗಿಯಿರಿ. ಸ್ಕ್ರೂ ಪೊಟ್ಟಣದಲ್ಲಿ ಎರಡು ಜಾತಿ ಇರುತ್ತವೆ, ದೊಡ್ಡ ಮರೆಯದು (ಥ್ರೆಡ್) 6-32, ಸಣ್ಣ ಮರೆಯದು ಎಂ3. ಒಂದರ ಜಾಗಕ್ಕೆ ಇನ್ನೊಂದು ತುರುಕಿದರೆ ತೆಳು ತಗಡಿನ ಮರೆ ಅಲ್ಲಿಗೇ ಖಲಾಸ್. ಅಂಗಡಿ ಹುಡುಗ ಎರಡು ಕಡೆ ಹಾಗೇ ಮಾಡಿದ್ದ.

ಗ್ರಾಫಿಕ್ಸ್ ಕಾರ್ಡ್ ಒಂದು ಕೆ.ಜಿ. ಮೇಲಿದೆ. ಎರಡು ಸ್ಕ್ರೂ ಹಾಕಿದರೂ ಆ ತುದಿ ಜೋತು ಬೀಳುತ್ತೆ, ಯಾಕಂದರೆ ಗೋಡೆಯೇ ಒಳಕ್ಕೆ ಬಾಗುತ್ತೆ. ಆನ್‌ಲೈನ್‌ನಲ್ಲಿ ಲೈಟ್ ಇರುವ ಊರುಗೋಲು ಸಾವಿರ ರೂಪಾಯಿಗೆ ಮಾರುತ್ತಾರೆ. ನಾವು ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಆಂಗಲ್ ತುಂಡಿಗೆ ರಬ್ಬರ್ ಅಂಟಿಸಿ ಕೆಳಗೆ ನಿಲ್ಲಿಸಿದ್ದೇವೆ, ಆರಾಮಾಗಿದೆ.

ಕಾರ್ಡ್ ನಿಲ್ಲಿಸಿ ಹಾಕುವ ವರ್ಟಿಕಲ್ ಮೌಂಟ್ ಇದೆ ಅಂತಲೂ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಜಾಗ ಎರಡು ಸ್ಲಾಟ್‌ನದು, ಗಾಜಿಗೆ ತೀರ ಹತ್ತಿರ. ದಪ್ಪ ಕಾರ್ಡ್ ಹಾಕಿದರೆ ಅದರ ಫ್ಯಾನ್‌ಗಳು ಗಾಜಿಗೆ ಮುಖ ಒತ್ತಿಕೊಂಡು ಉಸಿರುಗಟ್ಟುತ್ತವೆ. ಕಾರ್ಡನ್ನು ಬೋರ್ಡ್‌ಗೆ ಜೋಡಿಸುವ ರೈಸರ್ ಕೇಬಲ್ ಕೂಡ ಕೊಡಲ್ಲ. ಪಿಸಿಐಇ ಸ್ಲಾಟ್‌ನ ನಾಲ್ಕನೇ ಪೀಳಿಗೆಯ (ಜನರೇಶನ್ 4) ಬೋರ್ಡ್‌ಗೆ ಅಗ್ಗದ ಮೂರನೇ ಪೀಳಿಗೆಯ ರೈಸರ್ ಹಾಕಿದರೆ ಬಯಾಸ್‌ನಲ್ಲಿ ವೇಗ ಇಳಿಸದೆ ಸ್ಕ್ರೀನ್ ಬರದೇ ಇರಬಹುದು. ಈ ಸೌಲಭ್ಯ ಇಲ್ಲ ಅಂತಲೇ ತಿಳ್ಕೊಳ್ಳಿ.

ಗಾಳಿ ವಿಷಯದಲ್ಲಿ ಹೊಗಳಲೇಬೇಕು. ಮುಂದೆ ಪೂರ್ತಿ ಜಾಲರಿ, ಮೂರು 120 ಮಿ.ಮೀ. ಫ್ಯಾನ್ ಗಾಳಿ ಎಳೆಯುತ್ತವೆ, ಹಿಂದೆ ಒಂದು ಹೊರಗೆ ಹಾಕುತ್ತೆ. ಒಳಗೆ ಬರುವುದು ಜಾಸ್ತಿ, ಹೋಗುವುದು ಕಡಿಮೆ ಆದ್ದರಿಂದ ಒಳಗೆ ಸ್ವಲ್ಪ ಒತ್ತಡ ಇರುತ್ತದೆ, ಸಂದಿಗಳಿಂದ ಗಾಳಿ ಹೊರಗೆ ನೂಕುತ್ತದೆ, ಧೂಳು ಫಿಲ್ಟರ್ ದಾಟಿಯೇ ಬರಬೇಕು. ನಮ್ಮೂರಿಗೆ ಇದೇ ಸರಿ. ಏಪ್ರಿಲ್‌ನಲ್ಲಿ ಬಿಸಿಲು 40ರ ಹತ್ತಿರ ಹೋಗುತ್ತೆ, ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದ ದಿನ ಕಿಟಕಿ ಕಟ್ಟೆ ಮೇಲೆ ಕರಿ ಮಸಿ ಕೂತಿರುತ್ತೆ. ಹಿಂದಿನ ಕ್ಯಾಬಿನೆಟ್‌ಗೆ ಮುಂದೆ ಗಾಜಿತ್ತು. ನೋಡೋಕೆ ಚೆಂದ, ಬೇಸಿಗೆಯಲ್ಲಿ ಎಕ್ಸ್‌ಪೋರ್ಟ್ ಹಾಕಿದರೆ ಪ್ರೊಸೆಸರ್ ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತಿತ್ತು. ಇದರಲ್ಲಿ ಆ ಕಾಟ ಇಲ್ಲ.

ಆದರೆ ಮುರಿದ ಕಿಂಡಿ ಬಾಯಿ ತೆರೆದಿದ್ದರೆ ಒಳಗಿನ ಗಾಳಿಯಲ್ಲಿ ಒಂದಷ್ಟು ಅಲ್ಲೇ ಸೋರಿಹೋಗುತ್ತೆ, ಮೆಷಿನ್ ಆಫ್ ಇದ್ದಾಗ ಧೂಳು, ಹಲ್ಲಿ ಎಲ್ಲಕ್ಕೂ ಬಾಗಿಲು ತೆರೆದಂತೆ. ಬಿಡಿ ಮುಚ್ಚಳ ಸಿಗುತ್ತವೆ, ತಗೊಂಡು ಹಾಕಿ. ಫ್ಯಾನ್‌ಗಳಿಗೆ ಕೊಟ್ಟಿರುವುದು ಸೀದಾ ಎಸ್‌ಎಂಪಿಎಸ್‌ಗೆ ಸಿಕ್ಕಿಸುವ ಮೋಲೆಕ್ಸ್ ಕನೆಕ್ಟರ್, ವೇಗ ಕಡಿಮೆ ಮಾಡೋಕಾಗಲ್ಲ, ಒಂದೇ ಸಮ ಗುಯ್ ಅನ್ನುತ್ತವೆ. ವಾಯ್ಸ್ ರೆಕಾರ್ಡಿಂಗ್ ಅದೇ ರೂಮಲ್ಲಿ ಮಾಡುವವರು ಫ್ಯಾನ್ ಬದಲಿಸಲೇಬೇಕು. ಮುಂದಿನ ಫಿಲ್ಟರ್ ತೆಳು ನೈಲಾನ್ ಪರದೆ, ಅಂಟಿಸಿದ್ದಾರೆ. ಎಳೆದರೆ ಮೂಲೆ ಕಿತ್ತು ಬರುತ್ತೆ, ತೊಳೆದು ಮತ್ತೆ ಅಂಟಿಸೋದು ಕಷ್ಟ. ಮ್ಯಾಗ್ನೆಟ್ ಪಟ್ಟಿ ಕೊಡೋಕೆ ಎಷ್ಟು ಖರ್ಚಾಗುತ್ತಿತ್ತೋ ಏನೋ.

ಗಾಜಿನ ಬಾಗಿಲು ಬಿಚ್ಚಿದಾಗ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಇಡಬೇಡಿ. ಟೆಂಪರ್ಡ್ ಗಾಜಿನ ಮುಖಕ್ಕೆ ಗುದ್ದಿದರೂ ತಡೆಯುತ್ತೆ, ಅಂಚಿಗೆ ಟೈಲ್ಸ್ ತಗುಲಿದರೆ ಒಂದೇ ಏಟಿಗೆ ಪುಡಿಪುಡಿ. ಹಾಸಿಗೆಯೋ ರಟ್ಟೋ ಹಾಕಿ ಅದರ ಮೇಲೆ ಇಡಿ.

ಇನ್ನೊಂದು, ಇದು ಕ್ಯಾಬಿನೆಟ್ ತಪ್ಪಲ್ಲ. ಹಳೇ ಬಿಲ್ಡಿಂಗ್‌ಗಳಲ್ಲಿ ಮೆಷಿನ್ ಮುಟ್ಟಿದರೆ ಜುಂ ಅನ್ನುತ್ತೆ ಅಂತ ಬಹಳ ಜನ ಕ್ಯಾಬಿನೆಟ್ ಬದಲಿಸೋಕೆ ಬರುತ್ತಾರಂತೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಕರೆಂಟಿನ ತೀರ ಸಣ್ಣ ಸೋರಿಕೆಯನ್ನು ಲೋಹದ ಮೈಗೆ ಬಿಡುತ್ತವೆ, ಅದು ಅರ್ತಿಂಗ್ ತಂತಿಯಲ್ಲಿ ಹೋಗಬೇಕು. ಅರ್ತಿಂಗ್ ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಹೋಗುತ್ತೆ. ಎಲೆಕ್ಟ್ರಿಷಿಯನ್ ಕರೆಸಿ, ಕ್ಯಾಬಿನೆಟ್ ದುಡ್ಡು ಉಳಿಸಿ.

ಅಂಗಡಿಯ ಸರ್ವಿಸ್ ಬಗ್ಗೆ. ಮಾತು ಚೆನ್ನಾಗಿ ಆಡುತ್ತಾರೆ. ಬದಲಿಸಿ ಕೊಡಿ ಅಂದರೆ, "ಸ್ಲಾಟ್ ಮುರಿದ ಮೇಲೆ ಕಂಪನಿ ವಾಪಸ್ ತಗೊಳಲ್ಲ ಸಾರ್" ಅಂದರು. ಮುರಿದವರೂ ಅವರೇ, ಮುರಿಯದೆ ಕಾರ್ಡ್ ಹಾಕೋಕೂ ಆಗಲ್ಲ. ಇದಕ್ಕೆ ಉತ್ತರ ಬರಲಿಲ್ಲ, ಒಂದು ಪೊಟ್ಟಣ ಸ್ಕ್ರೂ ಬಂತು.

ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕಿ ಬಿಡುವವರಿಗೆ ಈ ದುಡ್ಡಿಗೆ ಇದು ಪರವಾಗಿಲ್ಲ, ಐದಕ್ಕೆ ಮೂರೂವರೆ ಕೊಡುತ್ತೇನೆ. ಕ್ಯಾಪ್ಚರ್ ಕಾರ್ಡು, ಸೌಂಡ್ ಕಾರ್ಡು ಅಂತ ಕೆಳಗಿನ ಸ್ಲಾಟ್ ಬಳಸುವವರಿಗೆ ಎರಡೇ. ಅವರು ಇನ್ನೊಂದು ಸಾವಿರ, ಸಾವಿರದೈನೂರು ಸೇರಿಸಿ ಏಳೂ ಸ್ಲಾಟ್‌ಗೆ ಸ್ಕ್ರೂ ಮುಚ್ಚಳ ಇರುವುದನ್ನೇ ತಗೊಳ್ಳಿ. ಅಂಗಡಿಯಲ್ಲಿ ಎರಡು ಕಿಂಡಿ ನಡುವಿನ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ, ಬಾಗಿದರೆ ಮುಂದಿನದು ತೋರಿಸಿ ಅನ್ನಿ.

ಮುಂದಿನ ಫಿಲ್ಟರ್ ಬಿಡಿಯಾಗಿ ತರಿಸಿಕೊಡಿ ಅಂತ ಕೇಳಿದ್ದೇನೆ. ಬೆಂಗಳೂರಿಂದ ಬರಬೇಕು ಅಂದಿದ್ದಾರೆ, ಬಂದರೆ ರೇಟ್ ಎಷ್ಟು ಅಂತ ಹಾಕುತ್ತೇನೆ.