ಒಮ್ರಾನ್ ಎಚ್‌ಇಎಂ-7120: ರಾಯಚೂರು ಬಿಸಿಲಿಗೆ ಈ ಬಿಪಿ ಮಷಿನ್ ತಡೆದೀತೇ?

ರಾಯಚೂರಿನ ಮೆಡಿಕಲ್ ಶಾಪ್‌ನಲ್ಲಿ ಬಿಪಿ ಮಷಿನ್ ಕೇಳಿದರೆ ಮಣಿಕಟ್ಟಿಗೆ ಕಟ್ಟುವುದನ್ನೂ ತೋಳಿಗೆ ಕಟ್ಟುವುದನ್ನೂ ಮುಂದಿಡುತ್ತಾರೆ. ಮಣಿಕಟ್ಟಿನದು ನೋಡಲು ಚೆಂದ. ಆದರೆ ಕೈ ಎದೆಮಟ್ಟಕ್ಕಿಂತ ಕೆಳಗಿಳಿದರೆ ಸಾಕು, ಅಂಕಿ ಮೇಲೇರುತ್ತದೆ. ಅದು ಬೇಡ. ತೋಳಿನವುಗಳಲ್ಲಿ 7120 ಸರಳ ಮಾಡೆಲ್: ಒಂದೇ ಗುಂಡಿ, ನಾಲ್ಕು ಎಎ ಸೆಲ್. ನೆನಪಿಟ್ಟುಕೊಳ್ಳುವುದು ಕೊನೆಯ ರೀಡಿಂಗ್ ಮಾತ್ರ, ಹಾಗಾಗಿ ಪಕ್ಕದಲ್ಲೊಂದು ನೋಟ್‌ಬುಕ್ ಇರಲೇಬೇಕು.

ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಕೊಳ್ಳುವ ಮೊದಲು ಟೇಲರ್ ಟೇಪಿನಲ್ಲಿ ಭುಜ–ಮೊಣಕೈ ನಡುವಿನ ಭಾಗ ಅಳೆಯಿರಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ಅಂಗಡಿಯವರು ಇದನ್ನು ಕೇಳುವುದೇ ಇಲ್ಲ.

ಉಬ್ಬಿದ ಪಟ್ಟಿಯಿಂದ ಗಾಳಿ ಇಳಿಯುವಾಗ ರಕ್ತನಾಳದ ಮಿಡಿತ ಅದರಲ್ಲಿ ಸಣ್ಣ ಕಂಪನ ಎಬ್ಬಿಸುತ್ತದೆ. ಮಷಿನ್ ಲೆಕ್ಕ ಹಾಕುವುದು ಆ ಕಂಪನದಿಂದಲೇ. ಕೈ ಅಲುಗಿದರೆ, ಬಡಿತ ಏರುಪೇರಾದರೆ ಲೆಕ್ಕ ಕೆಡುತ್ತದೆ. ಏರುಪೇರಿನ ಚಿಹ್ನೆ ಪದೇ ಪದೇ ಬಂದರೆ ಇಸಿಜಿ ಮಾಡಿಸಿ.

ನೋಡುವ ಅರ್ಧ ಗಂಟೆ ಮುಂಚೆ ಚಹಾ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ಊರಿ ಐದು ನಿಮಿಷ ಕೂತ ಮೇಲೆ, ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಸರಾಸರಿ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ಮುಟ್ಟಿದರೆ ಡಾಕ್ಟರಿಗೆ ತೋರಿಸಿ.

ಇನ್ನು ಬಿಸಿಲು. ಈ ಮಷಿನ್ ಸರಿಯಾಗಿ ನಡೆಯುವುದು 10ರಿಂದ 40 ಡಿಗ್ರಿಯೊಳಗೆ. ಏಪ್ರಿಲ್–ಮೇನಲ್ಲಿ ತಗಡಿನ ಮನೆಯಲ್ಲೋ ಬೈಕ್ ಡಿಕ್ಕಿಯಲ್ಲೋ ಇಟ್ಟ ಮಷಿನ್ನನ್ನು ಹಾಗೇ ಕಟ್ಟಿ ನೋಡಬೇಡಿ. ಬೆಳಿಗ್ಗೆ ತಂಪಿನಲ್ಲಿ ನೋಡಿ. ಮೈಯೂ ಬದಲಾಗಿರುತ್ತದೆ: ಸೆಕೆಗೆ ರಕ್ತನಾಳ ಹಿಗ್ಗಿ, ಬೆವರಿ ನೀರು ಹೋಗಿ ಬಿಪಿ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ಎದ್ದಾಗ ತಲೆ ಸುತ್ತುವುದು ಇದಕ್ಕೇ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳಿ, ಮಾತ್ರೆ ತಾವಾಗಿಯೇ ನಿಲ್ಲಿಸಬೇಡಿ.

ಏರಿದ ಬಿಪಿ ನೋವು ಕೊಡುವುದಿಲ್ಲ, ತೊಂದರೆಯೇ ಅದು. ಒತ್ತಡದ ಎದುರು ದುಡಿದೂ ದುಡಿದೂ ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ರಕ್ತನಾಳದ ಒಳಪದರ ಕೆಟ್ಟು ಕೊಬ್ಬು ಕೂರುತ್ತದೆ. ಕಿಡ್ನಿಯ ಸೋಸುವ ನಾಳಗಳು ಹಾಳಾಗುತ್ತವೆ. ಮಂಡಕ್ಕಿ ಒಗ್ಗರಣೆ ಜೊತೆ ದಿನಾ ಎರಡು ಮಿರ್ಚಿ, ಮೇಲೆ ಉಪ್ಪಿನಕಾಯಿ ಎನ್ನುವವರು ತಿಂಗಳಿಗೊಮ್ಮೆಯಾದರೂ ಪಟ್ಟಿ ಕಟ್ಟಿಕೊಳ್ಳಲಿ.

ಅಂಕಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಇದ್ದರೆ ಮತ್ತೆ ಮತ್ತೆ ಗುಂಡಿ ಒತ್ತುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಎದೆನೋವು ಇದ್ದು ಅಂಕಿ ಸರಿಯಿದ್ದರೂ ಹೀಗೇ ಮಾಡಿ: ಹಾರ್ಟ್ ಅಟ್ಯಾಕ್ ಪತ್ತೆ ಹಚ್ಚುವ ಮಷಿನ್ ಇದಲ್ಲ.